ವೆಸ್ಟರ್ನ್ ಜೀನಿಗೆ ಚರ್ಮದ ಪರಿಕರಗಳು: ಕಟ್ಟುಬಾರಿನಿಂದ ಎದೆಪಟ್ಟಿಯವರೆಗೆ ಕೈಯಾರೆ ಮಾಡುವ ಬಗೆ

ವೆಸ್ಟರ್ನ್ ಜೀನಿಗೆ, ಅಂದರೆ ಅಮೆರಿಕದ ಕೌಬಾಯ್‌ಗಳ ಜೀನಿಗೆ, ಕಟ್ಟುವ ಯಾವ ಚರ್ಮದ ಪಟ್ಟಿಗಾದರೂ ಎರಡು ಮುಖ. ಹೂಬಳ್ಳಿ ಕೆತ್ತಿ, ಬಣ್ಣ ಕೊಟ್ಟು, ಎಣ್ಣೆ ಹಚ್ಚಿ ಮಿಂಚಿಸುವುದು ಮೇಲ್ಮುಖ. ಗಂಟೆಗಟ್ಟಲೆ ಕುದುರೆಯ ಬೆವರು, ಕೂದಲು, ಮೈಗೆ ಉಜ್ಜಿಕೊಂಡೇ ಇರುವುದು ಒಳಮುಖ. ಹೊಸದಾಗಿ ಈ ಕೆಲಸಕ್ಕೆ ಕೈ ಹಾಕಿದವರು ಸಮಯವನ್ನೆಲ್ಲ ಮೇಲ್ಮುಖಕ್ಕೆ ಸುರಿಯುತ್ತಾರೆ. ಒಳಗೆ ಮಡಿಕೆಯೊಂದು ದಪ್ಪವಾಗಿ ಉಳಿದಿರುತ್ತದೆ, ರಿವೆಟ್ಟಿನ ತಲೆ ಇಣುಕುತ್ತಿರುತ್ತದೆ, ಅಂಚು ಚೂಪಾಗಿರುತ್ತದೆ. ಅದರ ಬೆಲೆ ತೆರುವುದು ಕುದುರೆ. ಅದು ಮೂಕಪ್ರಾಣಿ, ಕಿವಿ ಹಿಂದಕ್ಕೆ ಒತ್ತಿ, ಬಾಲ ಬೀಸಿ, ಜೀನು ಕಂಡರೆ ಪಕ್ಕಕ್ಕೆ ಸರಿದು ಹೇಳುವಷ್ಟೇ ಹೇಳುತ್ತದೆ. ಹಾಗಾಗಿ ಇಲ್ಲಿ ಪ್ರತಿ ವಸ್ತುವನ್ನೂ ಒಳಮುಖದಿಂದಲೇ ಯೋಚಿಸಿ ಮಾಡೋಣ.

ಮಾಡಲಿರುವುದು ನಾಲ್ಕು ವಸ್ತು. ಕಟ್ಟುಬಾರು, ರಿಕಾಪಿನ (ಸವಾರ ಪಾದವಿಡುವ ಕೊಂಡಿಯ) ಹಾಬಲ್ ಪಟ್ಟಿ, ಎದೆಪಟ್ಟಿ, ಜೀನುಚೀಲ. ಇದೇ ಕ್ರಮದಲ್ಲಿ ಮಾಡಿ. ಒಂದರಲ್ಲಿ ಪಳಗಿದ ಕೈ ಮುಂದಿನದಕ್ಕೆ ಬೇಕಾಗುತ್ತದೆ. ಇವುಗಳಲ್ಲಿ ಹೆಚ್ಚು ಶ್ರಮ, ಹೆಚ್ಚು ವಿವರ ಬೇಡುವುದು ಎದೆಪಟ್ಟಿ. ಆದ್ದರಿಂದ ಅದಕ್ಕೇ ಹೆಚ್ಚು ಜಾಗ ಕೊಟ್ಟಿದ್ದೇನೆ.

ಒಂದು ವಸ್ತುವನ್ನು ಬೇಕೆಂದೇ ಬಿಟ್ಟಿದ್ದೇನೆ. ಜೀನಿನ ಎಡಬದಿಯ ಉಂಗುರದಿಂದ ಇಳಿದು ಹೊಟ್ಟೆಯ ಕೆಳಗಿನ ಸಿಂಚನ್ನು (ಜೀನನ್ನು ಹಿಡಿದಿಡುವ ಹೊಟ್ಟೆಪಟ್ಟಿಯನ್ನು) ಬಿಗಿಯುವ ಉದ್ದನೆಯ ಲಾಟಿಗೋ ಪಟ್ಟಿ ಮತ್ತು ಬಲಬದಿಯಲ್ಲಿ ಅದಕ್ಕೆ ಜೊತೆಯಾಗುವ ಬಿಲೆಟ್ ಪಟ್ಟಿ. ಸವಾರನ ಜೀವ ನಿಂತಿರುವುದು ಇವೆರಡರ ಮೇಲೆ. ಚರ್ಮದ ಗುಣ ಕೈಬೆರಳಿಗೆ ತಿಳಿಯುವವರೆಗೆ ಅವನ್ನು ಒಳ್ಳೆಯ ಕಡೆಯಿಂದ ಕೊಂಡೇ ಹಾಕಿ.

ಮೊದಲು ಜೀನನ್ನು ಓದಿಕೊಳ್ಳಿ

ಸ್ಪೇನಿನಿಂದ ಬಂದ ಜೀನನ್ನು ಮೆಕ್ಸಿಕೊದ ದನಗಾಹಿಗಳಾದ ವಾಕೆರೊಗಳು ತಮ್ಮ ಕೆಲಸಕ್ಕೆ ತಕ್ಕಂತೆ ಬದಲಿಸಿಕೊಂಡರು. ಕುಣಿಕೆ ಹಗ್ಗದಿಂದ ದನ ಹಿಡಿಯುವುದಕ್ಕೆಂದು ಮುಂಭಾಗದಲ್ಲಿ ಹಾರ್ನ್, ಅಂದರೆ ಹಗ್ಗ ಸುತ್ತುವ ಗೂಟ, ಬಂತು. ಅಲ್ಲಿಂದ ಅದು ಟೆಕ್ಸಸ್‌ಗೂ ಕ್ಯಾಲಿಫೋರ್ನಿಯಾಕ್ಕೂ ಹೋಗಿ ಎರಡು ದಾರಿ ಹಿಡಿಯಿತು. ಟೆಕ್ಸಸ್‌ನವರು ಹಗ್ಗದ ತುದಿಯನ್ನು ಹಾರ್ನಿಗೆ ಗಟ್ಟಿಯಾಗಿ ಕಟ್ಟಿಬಿಡುತ್ತಿದ್ದರು. ಹೋರಿ ಎಳೆದಾಗ ಜೀನಿನ ಹಿಂಭಾಗ ಮೇಲಕ್ಕೇಳುತ್ತದೆ. ಅದನ್ನು ತಡೆಯಲು ಹಿಂದೆ ಎರಡನೆಯ ಸಿಂಚ್ ಬೇಕಾಯಿತು. ಕ್ಯಾಲಿಫೋರ್ನಿಯಾದವರು ಹಗ್ಗವನ್ನು ಹಾರ್ನಿಗೆ ಸುತ್ತಿ, ಬೇಕಾದಂತೆ ಜಾರಬಿಡುತ್ತಿದ್ದರು. ಅವರಿಗೆ ನಡುವಿನ ಒಂದೇ ಸಿಂಚ್ ಸಾಕಾಗುತ್ತಿತ್ತು. ಈ ಇತಿಹಾಸ ನಿಮಗೆ ಯಾಕೆ ಬೇಕೆಂದರೆ, ನಿಮ್ಮ ಮುಂದಿರುವ ಜೀನಿನಲ್ಲಿ ಡಿ ರಿಂಗುಗಳು (D ಅಕ್ಷರದ ಆಕಾರದ ಲೋಹದ ಉಂಗುರಗಳು) ಎಲ್ಲಿವೆ, ಎಷ್ಟಿವೆ ಎಂಬುದನ್ನು ತೀರ್ಮಾನಿಸಿದ್ದೇ ಅದು. ಪರಿಕರಗಳೆಲ್ಲ ಸಿಕ್ಕಿಕೊಳ್ಳುವುದು ಆ ರಿಂಗುಗಳಿಗೆ.

ಜೀನನ್ನು ಮರದ ಸ್ಟ್ಯಾಂಡಿನ ಮೇಲಿಟ್ಟು ಸುತ್ತ ನೋಡಿ ಬರೆದುಕೊಳ್ಳಿ. ಮುಂದಿನ ಡಿ ರಿಂಗ್ ಎಷ್ಟು ಅಗಲ? ಎದೆಪಟ್ಟಿಗೆಂದೇ ಬೇರೆ ಸಣ್ಣ ರಿಂಗ್ ಇದೆಯೇ? ಸ್ಕರ್ಟಿನ ಮೇಲೆ, ಅಂದರೆ ಕುದುರೆಯ ಬೆನ್ನಿಗೆ ಹಾಸಿದ ದೊಡ್ಡ ಚರ್ಮದ ಹಾಳೆಗಳ ಮೇಲೆ, ಕಟ್ಟುಬಾರಿಗೆ ತೂತು ಇವೆಯೇ ಅಥವಾ ಬರೀ ಅಲಂಕಾರದ ಬಿಲ್ಲೆಗಳನ್ನು ತಿರುಪಿನಿಂದ ಕೂರಿಸಿದ್ದಾರೆಯೇ? ಈ ಎರಡನೆಯ ಬಗೆಯ ಬಿಲ್ಲೆಗೆ ಭಾರ ತೂಗುಹಾಕಬಾರದು, ಕಿತ್ತುಬರುತ್ತದೆ.

ಚರ್ಮದ ಆಯ್ಕೆ

ಗಿಡದ ತೊಗಟೆ, ಕಾಯಿಗಳ ಒಗರಿನಿಂದ ಹದಮಾಡಿದ ವೆಜ್ ಟ್ಯಾನ್ ಚರ್ಮವೇ ಈ ಕೆಲಸದ ಅಡಿಪಾಯ. ಕ್ರೋಮ್ ಹದದ, ಅಂದರೆ ಕ್ರೋಮಿಯಂ ಲವಣದಿಂದ ಹದಮಾಡಿದ, ಚರ್ಮ ಮೆತ್ತಗಿದ್ದು ಕೈಗೆ ಹಿತವಾದರೂ ಭಾರ ಬಿದ್ದಾಗ ಹಿಗ್ಗುತ್ತದೆ, ಕೆತ್ತನೆಯ ಅಚ್ಚನ್ನು ಹಿಡಿದಿಟ್ಟುಕೊಳ್ಳುವುದಿಲ್ಲ, ಅಂಚನ್ನು ಎಷ್ಟು ಉಜ್ಜಿದರೂ ನಯವಾಗುವುದಿಲ್ಲ. ಅಮೆರಿಕದ ಜೀನುಗಾರರು ದಪ್ಪನೆಯ ವೆಜ್ ಟ್ಯಾನನ್ನು ಸ್ಕರ್ಟಿಂಗ್ ಲೆದರ್ ಎನ್ನುತ್ತಾರೆ. ಅಲ್ಲಿ ಇದಕ್ಕೆ ಹೆಸರಾದ ಎರಡು ಹದಗಾರಿಕೆಗಳು ಸೇಂಟ್ ಲೂಯಿಸ್‌ನಲ್ಲಿ 1881ರಿಂದ ನಡೆದುಬಂದ ಹರ್ಮನ್ ಓಕ್ ಮತ್ತು 1867ರಲ್ಲಿ ಶುರುವಾದ, ಈಗ ಪೆನ್ಸಿಲ್ವೇನಿಯಾದಲ್ಲಿರುವ ವಿಕೆಟ್ ಆ್ಯಂಡ್ ಕ್ರೇಗ್. ಅಲ್ಲಿ ನೆಲೆಸಿರುವ ಕನ್ನಡಿಗರಿಗೆ ಇವು ಸುಲಭವಾಗಿ ಸಿಗುತ್ತವೆ.

ಚರ್ಮದ ದಪ್ಪವನ್ನು ಅಮೆರಿಕದವರು ಔನ್ಸಿನಲ್ಲಿ ಹೇಳುತ್ತಾರೆ. 1 ಔನ್ಸ್ ಎಂದರೆ ಇಂಚಿನ 64ನೇ ಒಂದು ಭಾಗ, ಸುಮಾರು 0.4 ಮಿ.ಮೀ. ಜೀನಿನ ಸ್ಕರ್ಟಿಗೆ 13ರಿಂದ 15 ಔನ್ಸ್ ಬೇಕು. ನಮ್ಮ ಕೆಲಸಕ್ಕೆ ಅಷ್ಟು ಬೇಡ. ಎದೆಪಟ್ಟಿಯ ಮೇಲ್ಪದರಕ್ಕೆ 8ರಿಂದ 10 ಔನ್ಸ್ (3.2ರಿಂದ 4 ಮಿ.ಮೀ.), ಅದರ ಅಸ್ತರಿಗೆ 5ರಿಂದ 6 ಔನ್ಸ್ (2ರಿಂದ 2.4 ಮಿ.ಮೀ.), ಒಂಟಿ ಪದರದ ಹಾಬಲ್ ಪಟ್ಟಿಗೆ 10ರಿಂದ 12 ಔನ್ಸ್, ಚೀಲಕ್ಕೆ 7ರಿಂದ 8 ಔನ್ಸ್.

ಭಾರತದಲ್ಲಿದ್ದು ಹುಡುಕುವವರು ಮೊದಲು ನೋಡಬೇಕಾದದ್ದು ಕಾನ್ಪುರದ ಕಡೆ. ಅಲ್ಲಿಯ ಜೀನುಗಾರಿಕೆಗೆ ಭೌಗೋಳಿಕ ಗುರುತಿನ ಮಾನ್ಯತೆ ಇದೆ. ಎಮ್ಮೆ ಚರ್ಮದ ದಪ್ಪ ಹಾರ್ನೆಸ್ ಲೆದರ್ ಅಲ್ಲಿಂದ ಬರುತ್ತದೆ. ಅಸ್ತರಿಗೆ ತಮಿಳುನಾಡಿನ ತಿರುಚಿರಾಪಳ್ಳಿ, ದಿಂಡಿಗಲ್ ಕಡೆಯ ಇ.ಐ. (ಈಸ್ಟ್ ಇಂಡಿಯಾ) ಲೆದರ್ ನನಗೆ ಬಹಳ ಇಷ್ಟ. ಹಿಂದೆ ಅದನ್ನು ತಂಗಡಿ ಗಿಡದ ತೊಗಟೆಯಿಂದ ಹದಮಾಡುತ್ತಿದ್ದರು, ಈಗ ವ್ಯಾಟಲ್ ಮರದ ತೊಗಟೆಯ ಸಾರ ಮತ್ತು ಅಳಲೆಕಾಯಿ ಬಳಸುತ್ತಾರೆ. ತೆಳು, ನಯ, ಬೆವರಿಗೆ ಒಗ್ಗುತ್ತದೆ. ಅಥಣಿ, ನಿಪ್ಪಾಣಿ ಕಡೆ ಕೊಲ್ಹಾಪುರಿ ಚಪ್ಪಲಿಗೆ ಬಳಸುವ ಚರ್ಮವೂ ತೊಗಟೆಯ ಹದದ್ದೇ. ಆದರೆ ಅಟ್ಟೆಯ ಚರ್ಮ ಗಡಸು. ಕುದುರೆಯ ಎದೆಗೆ ಬಾಗುವುದಿಲ್ಲ. ಅದನ್ನು ಅಭ್ಯಾಸಕ್ಕೆ ಇಟ್ಟುಕೊಳ್ಳಿ. ಆ ಕಡೆ ಹೋದರೆ ಚಪ್ಪಲಿ ಕುಶಲಕರ್ಮಿಗಳು ರಂಪಿಯಿಂದ (ಚರ್ಮ ಸವರುವ ಕತ್ತಿಯಿಂದ) ಚರ್ಮದ ಅಂಚನ್ನು ಹಾಳೆಯಷ್ಟು ತೆಳ್ಳಗೆ ಸವರುವುದನ್ನು ಕೂತು ನೋಡಿ. ಮುಂದೆ ನಾನು ಹತ್ತು ಸಲ ‘ತೆಳ್ಳಗೆ ಸವರಿ’ ಎಂದು ಬರೆಯುವುದಕ್ಕಿಂತ ಅದು ಹೆಚ್ಚು ಕಲಿಸುತ್ತದೆ.

ಕೊಳ್ಳುವಾಗ ಎರಡು ಪರೀಕ್ಷೆ ಮಾಡಿ. ಮೂಲೆಯೊಂದನ್ನು ಕತ್ತರಿಸಿ ಅಡ್ಡಕೊಯ್ತ ನೋಡಿ: ಬಣ್ಣ ಮೇಲಿನಿಂದ ಕೆಳಗೆ ಒಂದೇ ಸಮ ಇರಬೇಕು. ನಡುವೆ ಬಿಳಿಚಿದ ಗೆರೆ ಕಂಡರೆ ಹದ ಒಳಗೆ ಇಳಿದಿಲ್ಲ. ಆಮೇಲೆ ನುಣುಪು ಮುಖ ಒಳಗೆ ಬರುವಂತೆ ಬಾಗಿಸಿ: ಸಣ್ಣ ಸಣ್ಣ ಗೆರೆ ಮೂಡಿದರೆ ಸರಿ, ಮೇಲ್ಪದರ ಸಡಿಲವಾಗಿ ಕೊಳವೆಯಂತೆ ಎದ್ದರೆ ಬಿಟ್ಟುಬಿಡಿ. ಪಟ್ಟಿಗಳನ್ನು ಯಾವಾಗಲೂ ಬೆನ್ನಿನ ಭಾಗದಿಂದ, ಬೆನ್ನುಹುರಿಯ ಗೆರೆಗೆ ಸಮಾಂತರವಾಗಿ ಕತ್ತರಿಸಬೇಕು. ಹೊಟ್ಟೆಯ ಭಾಗ ಅಗ್ಗವಾಗಿ ಸಿಗುತ್ತದೆ, ಅದು ಹಿಗ್ಗುತ್ತದೆ.

ಲೋಹದ ವಿಷಯದಲ್ಲಿ ಜಿಪುಣತನ ಬೇಡ. ಬಕಲ್, ಉಂಗುರ, ಕೊಕ್ಕೆ ಎಲ್ಲವೂ ಸ್ಟೇನ್‌ಲೆಸ್ ಸ್ಟೀಲ್ ಅಥವಾ ಗಟ್ಟಿ ಹಿತ್ತಾಳೆಯದ್ದಾಗಿರಲಿ. ಸತುವಿನ ಎರಕಕ್ಕೆ ಮೇಲೆ ಹೊಳಪು ಹಾಕಿ ಮಾರುವ ಬಕಲ್ ನೋಡಲು ಹಾಗೇ ಇರುತ್ತದೆ. ಎಳೆತ ಬಿದ್ದಾಗ ಮುನ್ಸೂಚನೆ ಕೊಡದೆ ಮುರಿಯುತ್ತದೆ.

ಉಪಕರಣಗಳು

ಬೇಕಾಗುವುದು ಕಡಿಮೆ. ಹರಿತವಾದ ಕತ್ತಿ, ರಂಪಿ, ಉಕ್ಕಿನ ಅಳತೆಪಟ್ಟಿ, ಪಟ್ಟಿ ಕೊಯ್ಯುವ ಸ್ಟ್ರಾಪ್ ಕಟರ್, ಅಂಚಿನ ಮೂಲೆ ತೆಗೆಯುವ ಬೆವೆಲರ್, ಹೊಲಿಗೆಯ ಗೆರೆ ತೋಡುವ ಗ್ರೂವರ್, ಹೊಲಿಗೆಯ ಅಂತರ ಗುರುತಿಸುವ ಹಲ್ಲುಚಕ್ರ, ಹಿಡಿ ಇರುವ ದಬ್ಬಳ, ಮೊಂಡುತುದಿಯ ಎರಡು ಸೂಜಿ, ತೂತು ಹೊಡೆಯುವ ಪಂಚ್‌ಗಳು, ಮರದ ಅಥವಾ ಪ್ಲಾಸ್ಟಿಕ್ಕಿನ ಸುತ್ತಿಗೆ, ಹೊಲಿಯುವಾಗ ಚರ್ಮವನ್ನು ಹಿಡಿದಿಡುವ ಮರದ ಇಕ್ಕಳ. ದಬ್ಬಳದ ಮೊನೆಯ ಅಡ್ಡಕೊಯ್ತ ವಜ್ರದ ಆಕಾರದಲ್ಲಿರಬೇಕು. ದುಂಡು ಮೊನೆ ಚರ್ಮವನ್ನು ಹರಿಯುತ್ತದೆ. ನ್ಯೂಜರ್ಸಿಯಲ್ಲಿ 1826ರಿಂದ ಇವನ್ನು ತಯಾರಿಸುತ್ತಿರುವ ಸಿ.ಎಸ್. ಆಸ್ಬೋರ್ನ್‌ನ ಹಳೆಯ ಉಪಕರಣ ಎಲ್ಲಾದರೂ ಸಿಕ್ಕರೆ ಬಿಡಬೇಡಿ, ತುಕ್ಕು ಹಿಡಿದಿದ್ದರೂ ಸರಿ. ಸಾಣೆ ಹಿಡಿದರೆ ಹೊಸದಾಗುತ್ತದೆ.

ಚರ್ಮ ನೆನೆಸಲು ಕಬ್ಬಿಣದ ಪಾತ್ರೆ ಬಳಸಬೇಡಿ. ಒದ್ದೆ ವೆಜ್ ಟ್ಯಾನಿಗೆ ಕಬ್ಬಿಣ ತಾಗಿದರೆ ಒಗರಿನ ಜೊತೆ ಸೇರಿ ನೀಲಿಗಪ್ಪು ಕಲೆ ಬೀಳುತ್ತದೆ. ಬಿದ್ದರೆ ತಕ್ಷಣ ನಿಂಬೆರಸ ಹಚ್ಚಿ ತೊಳೆಯಿರಿ, ಬಹುಪಾಲು ಹೋಗುತ್ತದೆ. ಇದೇ ಗುಣವನ್ನು ಬಳಸಿಕೊಂಡು ಅಮೆರಿಕದ ಹಳೆಯ ಜೀನುಗಾರರು ಕಪ್ಪು ಬಣ್ಣ ಕೊಡುತ್ತಾರೆ. ಎಣ್ಣೆಪಸೆ ತೊಳೆದ ಉಕ್ಕಿನ ನಾರನ್ನು ವಿನೆಗರ್‌ನಲ್ಲಿ ಒಂದೆರಡು ವಾರ ನೆನೆಸಿಟ್ಟು, ಸೋಸಿ, ಚರ್ಮಕ್ಕೆ ಹಚ್ಚಿದರೆ ಆ ಕಪ್ಪು ಉಜ್ಜಿದರೂ ಬಟ್ಟೆಗೆ ಅಂಟುವುದಿಲ್ಲ. ನೆನೆಯುವಾಗ ಬಾಟಲಿಯ ಮುಚ್ಚಳ ಸಡಿಲವಾಗಿರಲಿ, ಒಳಗೆ ಅನಿಲ ಹುಟ್ಟುತ್ತದೆ. ಹಚ್ಚಿದ ಮೇಲೆ ನೀರಿನಲ್ಲಿ ಕರಗಿಸಿದ ಅಡುಗೆ ಸೋಡಾದಿಂದ ಒರೆಸಿ ಹುಳಿಯನ್ನು ಶಮನಮಾಡಬೇಕು.

ಕಟ್ಟುಬಾರು

ಜೀನಿನ ಹಿಂದೆ ಮಳೆಯಂಗಿ, ಕಂಬಳಿ ಕಟ್ಟಲು ಇಳಿಬಿಟ್ಟಿರುವ ಸಪೂರ ಬಾರುಗಳು ಇವು. ಎಣ್ಣೆ, ಮೇಣ ತುಂಬಿ ಹದಮಾಡಿದ ಲಾಟಿಗೋ ಚರ್ಮ ಇದಕ್ಕೆ ತಕ್ಕದ್ದು. ಒಣಗಿದರೂ ಗಂಟು ಹಿಡಿಯುತ್ತದೆ, ನೆನೆದರೂ ಬಿಚ್ಚಲು ಬರುತ್ತದೆ. ಅಗಲ ಅರ್ಧ ಇಂಚು, ಉದ್ದ 36 ಇಂಚು. ಸ್ಟ್ರಾಪ್ ಕಟರ್‌ನ ಅಳತೆಯನ್ನು ಬಿಗಿಮಾಡಿ, ಚರ್ಮದ ನೇರ ಅಂಚಿಗೆ ಒತ್ತಿ ಹಿಡಿದು, ನಿಲ್ಲಿಸದೆ ಒಂದೇ ಎಳೆತದಲ್ಲಿ ಕೊಯ್ಯಿರಿ. ನಿಂತು ನಿಂತು ಎಳೆದರೆ ಅಂಚಿನಲ್ಲಿ ಮೆಟ್ಟಿಲು ಬೀಳುತ್ತದೆ, ಬಾರು ಮುಂದೆ ಅಲ್ಲೇ ಹರಿಯುತ್ತದೆ. ನಾಲ್ಕೂ ಮೂಲೆಗಳನ್ನು ಬೆವೆಲರಿನಿಂದ ತೆಗೆದು, ಮೇಣ ಹಚ್ಚಿದ ಬಟ್ಟೆಯೊಳಗೆ ಬಾರನ್ನು ಹಿಡಿದು ನಾಲ್ಕೈದು ಸಲ ಎಳೆಯಿರಿ. ತುದಿಯನ್ನು ಉದ್ದನೆಯ ಮೊನೆಯಾಗಿ ಕತ್ತರಿಸಿ.

ಜೀನಿಗೆ ಕೂರಿಸುವಾಗ ಗಂಟು ಬೇಡ. ಒಂದು ಬಾರಿನ ಬುಡದಲ್ಲಿ ಉದ್ದಕ್ಕೆ ಸೀಳು ಮಾಡಿ, ಅದರೊಳಗಿಂದ ಜೊತೆಯ ಬಾರನ್ನು ಹಾಯಿಸಿ ಎಳೆದರೆ ಎರಡೂ ಒಂದನ್ನೊಂದು ಕಚ್ಚಿಕೊಳ್ಳುತ್ತವೆ. ಈ ಕಚ್ಚು ಸ್ಕರ್ಟಿನ ಮೇಲ್ಬದಿಯಲ್ಲೇ ಇರಬೇಕು. ಸ್ಕರ್ಟಿನ ಅಡಿಯಲ್ಲಿ ಗಂಟು ಉಳಿದರೆ ಅದು ಸವಾರನ ಭಾರದಡಿ ಕುದುರೆಯ ಬೆನ್ನಿಗೆ ಒತ್ತುತ್ತದೆ.

ರಿಕಾಪಿನ ಹಾಬಲ್ ಪಟ್ಟಿ

ರಿಕಾಪಿನ ಮೇಲ್ಭಾಗದಲ್ಲಿ ಫೆಂಡರಿನ ಎರಡು ಕಾಲುಗಳನ್ನು ಕೂಡಿಸಿ ಹಿಡಿಯುವ ಸಣ್ಣ ಪಟ್ಟಿ ಇದು. ಫೆಂಡರ್ ಎಂದರೆ ಸವಾರನ ಕಾಲಿಗೂ ಕುದುರೆಯ ಪಕ್ಕೆಗೂ ನಡುವೆ ಇಳಿಯುವ ಅಗಲ ಚರ್ಮ. ಈ ಪಟ್ಟಿ ಇಲ್ಲದಿದ್ದರೆ ರಿಕಾಪು ತಿರುಚಿಕೊಳ್ಳುತ್ತದೆ. ಗಾತ್ರ ಸಣ್ಣದಾದರೂ ಬಕಲ್ ಕೂರಿಸುವ ಪೂರ್ತಿ ವಿದ್ಯೆ ಇದರಲ್ಲಿದೆ.

ಫೆಂಡರಿನ ಕಾಲುಗಳ ಸುತ್ತ ದಾರ ಸುತ್ತಿ ಅಳೆಯಿರಿ. ಆ ಅಳತೆಗೆ ಬಕಲ್‌ನ ಮಡಿಕೆಗೆ 2.5 ಇಂಚು, ತುದಿಗೆ 3 ಇಂಚು ಸೇರಿಸಿ 1 ಇಂಚು ಅಗಲದ ಪಟ್ಟಿ ಕೊಯ್ಯಿರಿ. ಮಡಿಕೆಯ ಗೆರೆಯ ಮೇಲೆ ಬಕಲ್‌ನ ಮುಳ್ಳಿಗೆ ಸೀಳುತೂತು ಬೇಕು: ಮುಕ್ಕಾಲು ಇಂಚಿನ ಅಂತರದಲ್ಲಿ ಎರಡು ದುಂಡು ತೂತು ಹೊಡೆದು ನಡುವಿನ ಚರ್ಮವನ್ನು ಕತ್ತಿಯಿಂದ ತೆಗೆಯಿರಿ. ಇನ್ನು ಮುಖ್ಯವಾದ ಹೆಜ್ಜೆ. ಮಡಿಚಿ ಒಳಕ್ಕೆ ಹೋಗುವ ಭಾಗದ ಒರಟು ಬದಿಯನ್ನು ರಂಪಿಯಿಂದ ಸವರಬೇಕು, ಮಡಿಕೆಯ ಹತ್ತಿರ ಮೂರನೇ ಎರಡು ಭಾಗದಷ್ಟು ದಪ್ಪ ಉಳಿಸಿ, ತುದಿಗೆ ಬರುವಷ್ಟರಲ್ಲಿ ಏನೂ ಉಳಿಯದಂತೆ. ಮಡಿಕೆಯ ಜಾಗವನ್ನೇ ತೀರಾ ತೆಳುಮಾಡಬೇಡಿ, ಬಕಲ್ ಸವೆಸುವುದು ಅದನ್ನೇ. ಸವರಿದ ಮೇಲೆ ಸ್ವಲ್ಪ ಒದ್ದೆಮಾಡಿ ಬಕಲ್ ಹಾಕಿ ಮಡಚಿ, ಸುತ್ತಿಗೆಯಿಂದ ತಟ್ಟಿ ಆಕಾರ ಕೂರಿಸಿ. ಪಟ್ಟಿಯ ತುದಿ ಸಿಕ್ಕಿಸಲು ಅರ್ಧ ಇಂಚು ಅಗಲದ ತೆಳು ಚರ್ಮದ ಕುಣಿಕೆಯೊಂದನ್ನು ಬಕಲ್‌ನ ಹಿಂದೆಯೇ ಮಡಿಕೆಯೊಳಗೆ ಸೇರಿಸಿ ಹೊಲಿಯಿರಿ. ಹೊಲಿಯುವ ಬಗೆ ಮುಂದೆ ಎದೆಪಟ್ಟಿಯಲ್ಲಿ ಬರುತ್ತದೆ. ತೂತುಗಳ ಅಂತರ ಮುಕ್ಕಾಲು ಇಂಚು. ಮೂರು ತೂತು ಸಾಕು.

ಕಟ್ಟುವಾಗ ಬಕಲ್ ಹೊರಮುಖಕ್ಕೆ ಇರಲಿ, ಕುದುರೆಯ ಪಕ್ಕೆಯ ಕಡೆಗಲ್ಲ.

ಎದೆಪಟ್ಟಿ: ಅಳತೆ ಮತ್ತು ಮಾದರಿ

ಏರು ಹತ್ತುವಾಗ ಜೀನು ಹಿಂದಕ್ಕೆ ಜಾರದಂತೆ ಹಿಡಿಯುವುದು ಎದೆಪಟ್ಟಿ. ಇಲ್ಲಿ ಮಾಡುವುದು ವೈ ಆಕಾರದ್ದು: ಎದೆಯ ನಡುವೆ ಒಂದು ಉಂಗುರ, ಅದರಿಂದ ಎರಡು ಭುಜಗಳ ಮೇಲೆ ಹಾದು ಜೀನಿಗೆ ಹೋಗುವ ಎರಡು ತೋಳು, ಮುಂಗಾಲುಗಳ ನಡುವೆ ಇಳಿದು ಸಿಂಚಿನ ಉಂಗುರಕ್ಕೆ ಸಿಕ್ಕುವ ಒಂದು ಪಟ್ಟಿ. ನೇರವಾಗಿ ಅಡ್ಡ ಹಾಯುವ ಎದೆಪಟ್ಟಿ ಮಾಡಲು ಸುಲಭವಾದರೂ ಅದು ಭುಜದ ಮೂಳೆಯ ತುದಿಯ ಮೇಲೆ ಉಜ್ಜುವ ಸಂಭವ ಹೆಚ್ಚು. ಅದಕ್ಕೇ ವೈ ಆಕಾರವನ್ನು ಆರಿಸಿದ್ದು.

ಅಳತೆಯನ್ನು ಕುದುರೆಯ ಮೇಲೆಯೇ ತೆಗೆಯಬೇಕು, ಜೀನು ಹಾಕಿ, ಸಿಂಚ್ ಬಿಗಿದು. ಕತ್ತಿನ ಬುಡದಲ್ಲಿ, ಎದೆಮೂಳೆಯ ಮೇಲಿನ ತಗ್ಗಿನಲ್ಲಿ ಉಂಗುರ ಎಲ್ಲಿ ಕೂರಬೇಕೋ ಅಲ್ಲಿಂದ ಜೀನಿನ ಡಿ ರಿಂಗಿನವರೆಗೆ ಹಗ್ಗ ಹಿಡಿದು ಅಳೆಯಿರಿ. ಎಡ, ಬಲ ಎರಡನ್ನೂ ಅಳೆಯಿರಿ. ಉದಾಹರಣೆಗೆ 30 ಇಂಚು ಬಂತೆನ್ನಿ. 2.5 ಇಂಚಿನ ಉಂಗುರದ ಅರ್ಧ, ಅಂದರೆ 1.25 ಇಂಚು ಕಳೆಯಿರಿ. ಜೀನಿಗೆ ಸಿಕ್ಕಿಸುವ, ಹಿಗ್ಗಿಸಿ ಕುಗ್ಗಿಸಬಹುದಾದ ಬಕಲ್ ಪಟ್ಟಿಗೆ 8 ಇಂಚು ಕಳೆಯಿರಿ. ಉಳಿದ 20.75 ಇಂಚು ತೋಳಿನ ಉದ್ದ.

ದಪ್ಪ ಕಾಗದದ ಮೇಲೆ ತೋಳಿನ ಆಕಾರ ಬರೆಯಿರಿ. ನಡುವೆ 2.25 ಇಂಚು ಅಗಲ, ಎರಡು ತುದಿಗೆ 1.25 ಇಂಚಿಗೆ ಇಳಿಯಲಿ. ಕುದುರೆಯ ಭುಜದ ಉಬ್ಬನ್ನು ಅನುಸರಿಸಿ ಸ್ವಲ್ಪವೇ ಬಾಗು ಇರಲಿ. ಕಾಗದವನ್ನು ಉದ್ದಕ್ಕೂ ಬಾಗಿಸಿ ಕುದುರೆಯ ಎದೆಗೆ ಹಿಡಿದು ನೋಡಿ. ಎಲ್ಲಾದರೂ ಅಂಚು ಮೈಯಿಂದ ಎದ್ದು ನಿಂತರೆ ಬಾಗು ಸರಿಯಿಲ್ಲ. ಕಾಗದಕ್ಕೆ ಕಾಸಿಲ್ಲ, ನಾಲ್ಕು ಸಲ ಬೇಕಾದರೂ ಬದಲಿಸಿ.

ಎದೆಪಟ್ಟಿ: ಕೊಯ್ತ, ಕೆತ್ತನೆ, ಬಣ್ಣ

ಎರಡೂ ತೋಳುಗಳನ್ನು ಒಂದೇ ಚರ್ಮದ ಅಕ್ಕಪಕ್ಕದ ಜಾಗದಿಂದ, ಒಂದೇ ದಿಕ್ಕಿನಲ್ಲಿ ತೆಗೆಯಿರಿ. ಇಲ್ಲದಿದ್ದರೆ ಒಂದು ಹಿಗ್ಗಿ ಇನ್ನೊಂದು ಹಾಗೇ ಉಳಿದು ಉಂಗುರ ಪಕ್ಕಕ್ಕೆ ಸರಿಯುತ್ತದೆ. ಎರಡನೆಯ ತೋಳಿಗೆ ಮಾದರಿಯನ್ನು ತಿರುವಿಹಾಕಲು ಮರೆಯಬೇಡಿ, ಅದು ಮೊದಲನೆಯದರ ಕನ್ನಡಿಬಿಂಬವಾಗಿರಬೇಕು. ಮೇಲ್ಪದರವನ್ನು ಎರಡೂ ತುದಿಯಲ್ಲಿ 3 ಇಂಚು ಹೆಚ್ಚಾಗಿ ಬಿಡಿ. ಅದು ಉಂಗುರವನ್ನು ಸುತ್ತಿ ಹಿಂದಕ್ಕೆ ಮಡಚುವ ಭಾಗ.

ಕೆತ್ತನೆ ಮಾಡುವುದಾದರೆ ಈಗಲೇ, ಅಸ್ತರಿ ಅಂಟಿಸುವುದಕ್ಕೆ ಮುಂಚೆ. ಸ್ಪಂಜಿನಿಂದ ಎರಡೂ ಬದಿ ನೀರು ಕುಡಿಸಿ, ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ರಾತ್ರಿಯಿಡೀ ಇಡಿ. ಬೆಳಿಗ್ಗೆ ತೆರೆದು ಗಾಳಿಗಿಟ್ಟರೆ ಬಣ್ಣ ಹೆಚ್ಚುಕಡಿಮೆ ಒಣ ಚರ್ಮದ್ದಕ್ಕೆ ಮರಳುತ್ತದೆ, ಆದರೆ ಕೆನ್ನೆಗೆ ತಾಗಿಸಿದರೆ ತಣ್ಣಗಿರುತ್ತದೆ. ಅದೇ ಹದ. ತೀರಾ ಒದ್ದೆಯಿದ್ದಾಗ ಹೊಡೆದ ಅಚ್ಚು ಮಸುಕಾಗುತ್ತದೆ. ಒಣಗಿದ ಮೇಲೆ ಹೊಡೆದರೆ ಅಚ್ಚು ಇಳಿಯುವುದಿಲ್ಲ. ಹದವಿದ್ದಾಗ ಹೊಡೆದರೆ ಅಚ್ಚಿನ ತಗ್ಗು ತಾನಾಗಿ ಗಾಢ ಕಂದು ಬಣ್ಣಕ್ಕೆ ತಿರುಗುತ್ತದೆ.

ಮೊದಲ ಎದೆಪಟ್ಟಿಗೆ ಬುಟ್ಟಿ ಹೆಣಿಗೆಯ ಅಚ್ಚು ಸಾಕು. ಅಂಚಿನಲ್ಲಿ ಹೊಲಿಗೆಗೆ ಜಾಗ ಬಿಟ್ಟು ಸ್ವಲ್ಪ ಒಳಗೆ ಗೆರೆ ಎಳೆದು, ನಡುವಿನಿಂದ ಆರಂಭಿಸಿ ಓರೆಸಾಲಿನಲ್ಲಿ ತುಂಬುತ್ತಾ ಹೋಗಿ. ಹೂಬಳ್ಳಿಯ ಕೆತ್ತನೆ ಕಲಿಯುವವರು ವಯೋಮಿಂಗ್‌ನ ಶೆರಿಡನ್ ಶೈಲಿಯನ್ನು ನೋಡಲೇಬೇಕು. ಅಲ್ಲಿಯ ಜೀನುಗಾರ ಡಾನ್ ಕಿಂಗ್ ಅವರ ಹೆಸರಿನೊಂದಿಗೆ ಬೆಸೆದುಕೊಂಡ ಈ ಶೈಲಿಯಲ್ಲಿ ಬಳ್ಳಿಗಳು ವೃತ್ತದಿಂದ ವೃತ್ತಕ್ಕೆ ಹೊರಳುತ್ತಾ, ನಡುವೆ ಸಣ್ಣ ಹೂಗಳನ್ನು ಹಿಡಿದು, ಖಾಲಿ ಜಾಗವೇ ಉಳಿಯದಂತೆ ಹರಡುತ್ತವೆ. ಕಿರಿದಾದ, ಬಾಗಿದ ಎದೆಪಟ್ಟಿಗೆ ಇಷ್ಟು ಚೆನ್ನಾಗಿ ಹೊಂದುವ ಶೈಲಿಯನ್ನು ನಾನು ಬೇರೆ ಕಂಡಿಲ್ಲ.

ನೆರಳಿನಲ್ಲಿ ಒಂದು ಪೂರ್ತಿ ದಿನ ಒಣಗಿಸಿ. ಬಣ್ಣ ಕೊಡುವುದಿದ್ದರೆ ಮೇಲ್ಪದರಕ್ಕೆ ಮಾತ್ರ ಕೊಟ್ಟು, ಬಟ್ಟೆಗೆ ಅಂಟದಾಗುವವರೆಗೆ ಉಜ್ಜಿ. ಅಸ್ತರಿಗೆ ಬಣ್ಣ ಬೇಡವೇ ಬೇಡ. ಬೆವರು ಆ ಬಣ್ಣವನ್ನು ಎಳೆದುಕೊಂಡು ಕುದುರೆಯ ಮೈಗೆ ಹಚ್ಚುತ್ತದೆ. ಆಮೇಲೆ ದನದ ಕಾಲೆಲುಬು, ಪಾದಗಳಿಂದ ತೆಗೆಯುವ ನೀಟ್ಸ್‌ಫುಟ್ ಎಣ್ಣೆಯನ್ನು ತೆಳುವಾಗಿ ಎರಡು ಸಲ ಹಚ್ಚಿ, ನಡುವೆ ಒಂದು ರಾತ್ರಿ ಬಿಡುವು ಕೊಡಿ. ಹೆಚ್ಚಾದರೆ ಚರ್ಮ ಜೋಲುಬೀಳುತ್ತದೆ, ಅಂಟೂ ಹಿಡಿಯುವುದಿಲ್ಲ.

ಎದೆಪಟ್ಟಿ: ಉಂಗುರ ಮತ್ತು ಅಸ್ತರಿ

ಒಳಮುಖದ ಪೂರ್ತಿ ಯೋಗ್ಯತೆ ತೀರ್ಮಾನವಾಗುವುದು ಈ ಹಂತದಲ್ಲಿ. ಮಡಚಲು ಬಿಟ್ಟ 3 ಇಂಚನ್ನು ಹಾಬಲ್ ಪಟ್ಟಿಯಲ್ಲಿ ಮಾಡಿದ ಹಾಗೆಯೇ ತುದಿಗೆ ತೆಳ್ಳಗಾಗುವಂತೆ ಸವರಿ. ಉಂಗುರವನ್ನು ಸುತ್ತಿ ಹಿಂದಕ್ಕೆ ಮಡಚಿ ಅಂಟಿಸಿ. ಉಂಗುರದ ಪಕ್ಕದಲ್ಲೇ ಒಂದು ತಾಮ್ರದ ರಿವೆಟ್ ಹೊಡೆಯಿರಿ, ಅದರ ತಲೆ ಮೇಲ್ಮುಖಕ್ಕೆ, ಬಡಿದ ತುದಿ ಒಳಕ್ಕೆ. ಮಡಿಕೆಯ ಬಾಲವೂ ರಿವೆಟ್ಟಿನ ತುದಿಯೂ ಈಗ ಮೇಲ್ಪದರದ ಹಿಂದೆ ಇವೆ. ಅಸ್ತರಿ ಇವೆರಡನ್ನೂ ಮುಚ್ಚುತ್ತದೆ. ಕುದುರೆಗೆ ಲೋಹವೂ ತಾಗುವುದಿಲ್ಲ, ಮೆಟ್ಟಿಲೂ ತಾಗುವುದಿಲ್ಲ. ಇನ್ನೊಂದು ತುದಿಗೆ ಬಕಲ್ ಪಟ್ಟಿಗೆಂದು ಸಣ್ಣ ಡಿ ರಿಂಗನ್ನು ಇದೇ ರೀತಿ ಕೂರಿಸಿ.

ಅಸ್ತರಿಯನ್ನು ಸುತ್ತಲೂ ಅರ್ಧ ಇಂಚು ದೊಡ್ಡದಾಗಿ ಕತ್ತರಿಸಿ, ನುಣುಪು ಮುಖ ಹೊರಗೆ. ಎರಡೂ ಚರ್ಮದ ಒರಟು ಬದಿಗೆ ಕಾಂಟ್ಯಾಕ್ಟ್ ಸಿಮೆಂಟ್ ಎಂಬ ಅಂಟು ಹಚ್ಚಿ. ಮೊದಲ ಲೇಪ ಹೀರಿಕೊಂಡರೆ ಇನ್ನೊಂದು ಕೊಡಿ. ಬೆರಳಿಗೆ ಅಂಟದಷ್ಟು ಒಣಗಿದ ಮೇಲೆಯೇ ಕೂಡಿಸಬೇಕು. ಮೇಜಿನ ಮೇಲೆ ಚಪ್ಪಟೆಯಾಗಿ ಇಟ್ಟು ಅಂಟಿಸಬೇಡಿ. ಹಾಗೆ ಅಂಟಿಸಿದ್ದನ್ನು ಕುದುರೆಯ ಎದೆಗೆ ಬಾಗಿಸಿದಾಗ ಒಳಗಿನ ಅಸ್ತರಿಗೆ ಜಾಗ ಸಾಲದೆ ಸುಕ್ಕುಗಟ್ಟುತ್ತದೆ, ಸುಕ್ಕಿನ ಸಾಲು ನೇರ ಭುಜದ ಮೇಲೆ ಕೂರುತ್ತದೆ. ಮೇಲ್ಪದರವನ್ನು ಎದೆಯ ಬಾಗಿನಷ್ಟೇ ಬಾಗಿಸಿ ಹಿಡಿದು, ಅಸ್ತರಿಯನ್ನು ಒಳಬಾಗಿನ ಕಡೆಯಿಂದ, ನಡುವಿನಿಂದ ತುದಿಗಳತ್ತ ಒತ್ತುತ್ತಾ ಬನ್ನಿ. ಇದಕ್ಕೆ ಎರಡನೆಯವರ ಕೈ ಸಿಕ್ಕರೆ ಒಳ್ಳೆಯದು. ಸುತ್ತಿಗೆಯಿಂದ ತಟ್ಟಿ, ಹೆಚ್ಚಾದ ಅಸ್ತರಿಯನ್ನು ಮೇಲ್ಪದರದ ಅಂಚಿಗೆ ಸಮವಾಗಿ ಕತ್ತರಿಸಿ.

ಹೊಲಿಗೆ

ಅಂಚಿನಿಂದ 4 ಮಿ.ಮೀ. ಒಳಗೆ ಗ್ರೂವರಿನಿಂದ ಆಳವಿಲ್ಲದ ಗೆರೆ ತೋಡಿ. ದಾರ ಅದರೊಳಗೆ ಕೂತರೆ ಉಜ್ಜಿ ಸವೆಯುವುದಿಲ್ಲ. ಅಸ್ತರಿಯ ಕಡೆ ಈ ಗೆರೆ ಇನ್ನೂ ಹೆಚ್ಚು ಬೇಕು, ಅಲ್ಲಿ ಉಜ್ಜುವುದು ನಿಲ್ಲುವುದೇ ಇಲ್ಲ. ಇಂಚಿಗೆ ಆರು ಹೊಲಿಗೆ ಬರುವಂತೆ ಹಲ್ಲುಚಕ್ರದಿಂದ ಗುರುತುಮಾಡಿ. ಹೆಚ್ಚು ಹತ್ತಿರ ಹೊಲಿದರೆ ಗಟ್ಟಿ ಎಂದುಕೊಳ್ಳಬೇಡಿ. ತೂತುಗಳು ಸಾಲುಗಟ್ಟಿ ಚರ್ಮ ಆ ಗೆರೆಯಲ್ಲೇ ಹರಿಯುತ್ತದೆ.

ದಾರ ಹೊಲಿಗೆಯ ಉದ್ದದ ಐದರಷ್ಟು ಬೇಕು. 1 ಮಿ.ಮೀ. ದಪ್ಪದ ಹೆಣೆದ ಪಾಲಿಯೆಸ್ಟರ್ ಅಥವಾ ಲಿನನ್ ದಾರಕ್ಕೆ ಜೇನುಮೇಣ ಉಜ್ಜಿ, ಎರಡು ತುದಿಗೆ ಎರಡು ಸೂಜಿ ಪೋಣಿಸಿ. ಚರ್ಮವನ್ನು ಮರದ ಇಕ್ಕಳದಲ್ಲಿ ಮೇಲ್ಮುಖ ಬಲಕ್ಕೆ ಬರುವಂತೆ ಹಿಡಿಸಿ. ದಬ್ಬಳವನ್ನು ಚರ್ಮಕ್ಕೆ ನೇರವಾಗಿ ಚುಚ್ಚಬೇಕು. ಕೈ ಸ್ವಲ್ಪ ಓರೆಯಾದರೂ ಹಿಂಬದಿಯ ಹೊಲಿಗೆ ಅಡ್ಡಾದಿಡ್ಡಿಯಾಗುತ್ತದೆ, ಆ ಹಿಂಬದಿಯೇ ನಮ್ಮ ಒಳಮುಖ. ಮೊದಲ ತೂತಿನಲ್ಲಿ ದಾರ ಹಾಯಿಸಿ ಎರಡೂ ಬದಿ ಸಮಮಾಡಿಕೊಳ್ಳಿ. ಮುಂದಿನ ತೂತು ಚುಚ್ಚಿ, ಎಡಗೈಯ ಸೂಜಿಯನ್ನು ಮೊದಲು ಹಾಯಿಸಿ. ಅದೇ ತೂತಿನೊಳಗೆ ಬಲಗೈಯ ಸೂಜಿಯನ್ನು ಹಾಕುವಾಗ ಮೊದಲ ದಾರವನ್ನು ಹಿಂದಕ್ಕೆ ಎಳೆದುಕೊಂಡಿರಿ, ಸೂಜಿ ದಾರವನ್ನು ಸೀಳಬಾರದು. ಎರಡು ಕೈಯಿಂದಲೂ ಒಂದೇ ಬಲದಲ್ಲಿ ಎಳೆಯಿರಿ. ಪ್ರತಿ ಸಲವೂ ಇದೇ ಕ್ರಮ, ಎಲ್ಲೂ ಬದಲಿಸದೆ. ಹೊಲಿಗೆ ಒಂದೇ ಸಮ ಕಾಣುವುದರ ಗುಟ್ಟು ಅಷ್ಟೇ.

ಯಂತ್ರದ ಹೊಲಿಗೆಯಲ್ಲಿ ಮೇಲಿನ ದಾರ, ಕೆಳಗಿನ ದಾರ ನಡುವೆ ಕೊಂಡಿಹಾಕಿಕೊಂಡಿರುತ್ತವೆ. ಒಂದು ಸವೆದು ಕಡಿದರೆ ಸಾಲು ಬಿಚ್ಚುತ್ತಾ ಹೋಗುತ್ತದೆ. ಈ ಎರಡು ಸೂಜಿಯ ಹೊಲಿಗೆಯಲ್ಲಿ ಒಂದು ದಾರ ಕಡಿದರೂ ಇನ್ನೊಂದು ಹಿಡಿದಿರುತ್ತದೆ. ಎದೆಪಟ್ಟಿಗೆ ಕೈಹೊಲಿಗೆಯೇ ಇರಲಿ ಎಂದು ಒತ್ತಾಯಿಸುವುದು ಇದಕ್ಕಾಗಿ. ಕೊನೆಯಲ್ಲಿ ನಾಲ್ಕು ಹೊಲಿಗೆ ಹಿಂದಕ್ಕೆ ಬಂದು ದಾರವನ್ನು ಚರ್ಮದ ಮಟ್ಟಕ್ಕೆ ಕತ್ತರಿಸಿ. ಗಂಟು ಹಾಕಬೇಡಿ. ಹೊಲಿಗೆಯ ಸಾಲನ್ನು ಸುತ್ತಿಗೆಯಿಂದ ಮೃದುವಾಗಿ ತಟ್ಟಿ ಕೂರಿಸಿ.

ಬಳಿಕ ಅಂಚು. ಎರಡೂ ಬದಿಯ ಮೂಲೆ ತೆಗೆದು, ಮರಳುಕಾಗದದಿಂದ ಎರಡು ಪದರ ಒಂದಾಗುವಂತೆ ಉಜ್ಜಿ, ಸ್ವಲ್ಪ ನೀರು ಅಥವಾ ಟ್ರಾಗಕಾಂತ್ ಅಂಟು ಸವರಿ ದಪ್ಪ ಬಟ್ಟೆಯಿಂದ ಬಿಸಿ ಹುಟ್ಟುವವರೆಗೆ ತಿಕ್ಕಿ. ಒಳಬದಿಯ ಅಂಚಿನ ಮೇಲೆ ನಿಮ್ಮ ಮುಂಗೈಯ ಒಳಭಾಗವನ್ನು ಎಳೆದು ನೋಡಿ. ಎಲ್ಲಾದರೂ ತರಚಿದಂತಾದರೆ ಮತ್ತೆ ತಿಕ್ಕಿ.

ಎರಡು ಬಕಲ್ ಪಟ್ಟಿಗಳು ಮತ್ತು ಕಾಲುಗಳ ನಡುವಿನ ಪಟ್ಟಿ 1 ಇಂಚು ಅಗಲದ ಒಂಟಿ ಪದರದ್ದು. ಹಾಬಲ್ ಪಟ್ಟಿ ಮಾಡಿದವರಿಗೆ ಹೊಸದೇನಿಲ್ಲ. ಕೆಳಪಟ್ಟಿಯ ತುದಿಗೆ ಸಿಂಚಿನ ಉಂಗುರಕ್ಕೆ ಸಿಕ್ಕಿಸುವ ಕೊಕ್ಕೆ. ನಡುವಿನ ಉಂಗುರದ ಹಿಂದೆ 4 ಇಂಚಿನ ದುಂಡನೆಯ ಮೆತ್ತನೆ ಚರ್ಮದ ಬಿಲ್ಲೆಯೊಂದನ್ನು, ಕೆಳಪಟ್ಟಿಯ ಮಡಿಕೆಗೆ ಸೇರಿಸಿ ಹೊಲಿದು, ಉಂಗುರ ಎದೆಗೆ ತಾಗದಂತೆ ಮಾಡಿ.

ಕುದುರೆಯ ಮೇಲೆ

ಜೀನು ಹಾಕಿ ಮುಂದಿನ ಸಿಂಚನ್ನು ಮೊದಲು ಬಿಗಿಯಿರಿ, ಆಮೇಲೆ ಎದೆಪಟ್ಟಿ. ಬಿಚ್ಚುವಾಗ ಎದೆಪಟ್ಟಿ, ಹಿಂದಿನ ಸಿಂಚ್ ಎರಡನ್ನೂ ತೆಗೆದ ಮೇಲೆಯೇ ಮುಂದಿನದಕ್ಕೆ ಕೈ ಹಾಕಬೇಕು. ತಿರುವುಮುರುವಾಗಿ ಮಾಡಿದಾಗ ಕುದುರೆ ಬೆಚ್ಚಿದರೆ ಜೀನು ಹೊಟ್ಟೆಯ ಕೆಳಗೆ ತೂಗಿ ಪ್ರಾಣಿಗೂ ಮನುಷ್ಯನಿಗೂ ಅಪಾಯ.

ಎದೆಪಟ್ಟಿಯ ಅಡಿಯಲ್ಲಿ ಅಂಗೈ ಆರಾಮಾಗಿ ಜಾರಬೇಕು. ಕುದುರೆಯನ್ನು ನಡೆಸಿ, ತಿರುಗಿಸಿ, ಹುಲ್ಲು ತೋರಿಸಿ ತಲೆ ತಗ್ಗಿಸುವಂತೆ ಮಾಡಿ. ಉಂಗುರ ಮೇಲಕ್ಕೇರಿ ಗಂಟಲಿಗೆ ಒತ್ತಿದರೆ ಬಕಲ್ ಪಟ್ಟಿಗಳನ್ನು ಸಡಿಲಿಸಿ, ಕೆಳಪಟ್ಟಿಯನ್ನು ಒಂದು ತೂತು ಬಿಗಿಮಾಡಿ. ಕೆಳಪಟ್ಟಿ ಎಂದೂ ಜೋತುಬೀಳಬಾರದು. ಕುದುರೆ ನೊಣ ಓಡಿಸಲು ಕಾಲೆತ್ತಿದಾಗ ಗೊರಸು ಸಿಕ್ಕಿಕೊಳ್ಳುತ್ತದೆ.

ಜೀನುಚೀಲ

ಇಷ್ಟು ಮಾಡಿದ ಕೈಗೆ ಚೀಲ ಕಷ್ಟವಲ್ಲ. ಕ್ಯಾಂಟಲ್, ಅಂದರೆ ಜೀನಿನ ಹಿಂದಿನ ಎತ್ತರದ ಅಂಚು, ಅದರ ಹಿಂದೆ ಕೂರುವ ಒಂದು ಅಗಲ ಪಟ್ಟಿ, ಅದರ ಎರಡು ತುದಿಗೆ ಎರಡು ಚೀಲ. ಪ್ರತಿ ಚೀಲಕ್ಕೂ ಹಿಂಬದಿ, ಮುಂಬದಿ, ಮುಚ್ಚಳ, ಸುತ್ತಲೂ 3 ಇಂಚು ಅಗಲದ ಪಕ್ಕದ ಪಟ್ಟಿ. ಪಕ್ಕದ ಪಟ್ಟಿಯನ್ನು 4ರಿಂದ 5 ಔನ್ಸ್‌ನ ತೆಳು ಚರ್ಮದಲ್ಲಿ ಮಾಡಿ, ಒದ್ದೆಮಾಡಿ ಅಂಚನ್ನು ಅರ್ಧ ಇಂಚು ಮಡಚಿ ಒಣಗಿಸಿಕೊಂಡರೆ ಹೊಲಿಯಲು ಸುಲಭ. ಮೊದಲು ಮುಂಬದಿಗೆ, ಆಮೇಲೆ ಹಿಂಬದಿಗೆ, ಯಾವಾಗಲೂ ಕೆಳಗಿನ ನಡುಬಿಂದುವಿನಿಂದ ಮೇಲಕ್ಕೆ ಹೊಲಿಯಿರಿ. ಹೆಚ್ಚುಕಡಿಮೆಯಾದರೆ ಬಾಯಿಯ ಹತ್ತಿರ ಕತ್ತರಿಸಿ ಸರಿಮಾಡಬಹುದು. ಬಕಲ್‌ಗಳನ್ನು ಮುಂಬದಿಗೆ ಹೊಲಿಯುವುದು ಚೀಲ ಕೂಡಿಸುವುದಕ್ಕೆ ಮುಂಚೆ.

ಚೀಲ ಕೂರುವ ಜಾಗ ಕುದುರೆಯ ಸೊಂಟದ ಹತ್ತಿರ. ಅಲ್ಲಿ ಪಕ್ಕೆಲುಬಿನ ಆಧಾರವಿಲ್ಲ. ಆದ್ದರಿಂದ ಚೀಲವನ್ನು ದೊಡ್ಡದು ಮಾಡುವ ಆಸೆ ಬಿಡಿ. ಎರಡು ಬದಿಯ ತೂಕವನ್ನು ತಕ್ಕಡಿಯಲ್ಲಿ ಸರಿತೂಗಿಸಿ, ಕಟ್ಟುಬಾರಿನಿಂದ ಕ್ಯಾಂಟಲ್‌ಗೆ ಬಿಗಿಯಾಗಿ ಕಟ್ಟಿ. ಹೆಜ್ಜೆಹೆಜ್ಜೆಗೂ ಎಗರುವ ಚೀಲ ತೂಕದ ಚೀಲಕ್ಕಿಂತ ಹೆಚ್ಚು ನೋಯಿಸುತ್ತದೆ.

ಬಳಕೆ, ಮಳೆಗಾಲ, ರಿಪೇರಿ

ಪ್ರತಿ ಸವಾರಿಯ ನಂತರ ಒಳಮುಖದ ಬೆವರನ್ನು ಒದ್ದೆ ಬಟ್ಟೆಯಿಂದ ಒರೆಸಿ. ಉಪ್ಪು ಒಣಗಿ ಕೂತರೆ ಚರ್ಮ ಬಿರಿಯುತ್ತದೆ. ತಿಂಗಳಿಗೊಮ್ಮೆ ಸ್ಯಾಡಲ್ ಸೋಪಿನಿಂದ ತೊಳೆದು, ಇನ್ನೂ ಸ್ವಲ್ಪ ತೇವವಿರುವಾಗಲೇ ತೆಳುವಾಗಿ ಎಣ್ಣೆ ಹಚ್ಚಿ. ಮಲೆನಾಡು, ಕರಾವಳಿಯಲ್ಲಿ ಇರುವವರಿಗೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೂಷ್ಟಿನ ಕಾಟ ತಪ್ಪಿದ್ದಲ್ಲ. ಪ್ಲಾಸ್ಟಿಕ್ಕಿನಲ್ಲಿ ಸುತ್ತಿಡಬೇಡಿ, ಗೋಡೆಗೆ ತಾಗಿಸಿ ನೇತುಹಾಕಬೇಡಿ, ಗಾಳಿಯಾಡುವ ಕಡೆ ತೂಗುಬಿಡಿ. ಬೂಷ್ಟು ಕಂಡರೆ ಹೊರಗೆ ಒಯ್ದು ಒಣ ಬಟ್ಟೆಯಿಂದ ಒರೆಸಿ, ವಿನೆಗರ್ ಬೆರೆಸಿದ ನೀರಿನಿಂದ ಮತ್ತೊಮ್ಮೆ ಒರೆಸಿ ನೆರಳಿನಲ್ಲಿ ಆರಿಸಿ.

ಹೊಸ ಚರ್ಮ ಮೊದಲ ಕೆಲವು ಸವಾರಿಗಳಲ್ಲಿ ಸ್ವಲ್ಪ ಹಿಗ್ಗಿಯೇ ಹಿಗ್ಗುತ್ತದೆ. ಅದಕ್ಕೇ ಬಕಲ್ ಪಟ್ಟಿಗೆ ಆರಂಭದಲ್ಲಿ ಮೂರೇ ತೂತು ಹೊಡೆದು, ಹಿಗ್ಗು ನಿಂತ ಮೇಲೆ ಉಳಿದವನ್ನು ಹೊಡೆಯಿರಿ. ಆಗಾಗ ಪ್ರತಿ ಬಕಲ್‌ನ ಮಡಿಕೆಯನ್ನು ಬಾಗಿಸಿ ನೋಡಿ. ಅಡ್ಡಕ್ಕೆ ಬಿರುಕಿನ ಗೆರೆ ಕಂಡರೆ ಎಣ್ಣೆ ಹಚ್ಚಿ ಮುಚ್ಚಬೇಡಿ. ಹೊಲಿಗೆ ಬಿಚ್ಚಿ, ಬಕಲ್ ತೆಗೆದಿಟ್ಟುಕೊಂಡು, ಹೊಸ ಪಟ್ಟಿ ಕೊಯ್ಯಿರಿ.